ಚಿತ್ರದ ಬಣ್ಣವೂ ಗೋಡೆಯ ಬಣ್ಣವೂ

ನಮ್ಮ ಪಾಠಶಾಲೆಯ ಹೊಸ ವಿಜ್ಞಾನ ಕಟ್ಟಡಕ್ಕಾಗಿ ಧನಸಹಾಯವನ್ನು ಬೇಡಿ ನಾವು ಕಳುಹಿಸಿದ ವಿಜ್ಞಾಪನಾಪತ್ರದ ಮೊದಲನೆಯ ಪುಟದಲ್ಲಿ ಒಂದು ಬಣ್ಣದ ಚಿತ್ರವು ಅಚ್ಚಾಗಿದ್ದುದು ಓದುಗರ ನೆನಪಿನಲ್ಲಿರಬಹುದು. ಮುರಕಲ್ಲಿನ ಕೆಂಪು ಪಂಚಾಂಗ, ಅದರ ಮೇಲೆ ಕೆನೆಬಣ್ಣದ ಗೋಡೆ, ಹಂಚಿನ ಮಾಡು, ಮುಂದೆ ಕಂಬಗಳ ಸಾಲುಳ್ಳ ಜಗಲಿ. ಇಷ್ಟನ್ನು ಕಂಡು ಅನೇಕ ಮಂದಿ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಸಂತೋಷಪಟ್ಟು ತಮ್ಮ ಕೈಲಾದಷ್ಟು ಕೊಟ್ಟರು. ಈಗ ಕಟ್ಟಡವು ಎದ್ದು ನಿಂತಿದೆ. ಅದನ್ನು ಬಂದು ನೋಡಿಹೋದವರಲ್ಲಿ ಕೆಲವರು ನಮಗೆ ಪತ್ರ ಬರೆದು ವಿಚಾರಿಸಿದ್ದಾರೆ: ಚಿತ್ರದಲ್ಲಿ ಒಂದೇ ಸಮನೆ ಕೆಂಪಾಗಿದ್ದ ಕಲ್ಲು ಕೆಳಗಿನ ಸಾಲುಗಳಲ್ಲಿ ಕಪ್ಪಾಗಿರುವುದೇಕೆ? ಗೋಡೆಯ ಕೆನೆಬಣ್ಣವು ಮಾಸಿದಂತೆ ತೋರುವುದೇಕೆ? ಹಣವು ಸಾಲದೆ ಹೋಯಿತೇ? ಒಬ್ಬ ಮಹನೀಯರು ಇನ್ನೂ ನೇರವಾಗಿ, ನಮಗೆ ತೋರಿಸಿದ್ದು ಒಂದು, ಕಟ್ಟಿದ್ದು ಇನ್ನೊಂದು ಎಂದು ಬರೆದಿದ್ದಾರೆ.

ಇದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಹಣವು ನಿಮ್ಮದು, ಅದನ್ನು ಬೇಡುವಾಗ ತೋರಿಸಿದ ಚಿತ್ರಕ್ಕೆ ನಾವೇ ಹೊಣೆ. ಕಂಪ್ಯೂಟರಿನ ಚಿತ್ರಗಳೆಲ್ಲ ಹಾಗೆಯೇ ಎಂದು ಹೇಳಿ ಜಾರಿಕೊಂಡರೆ ಅದು ಉತ್ತರವಾಗಲಾರದು. ಅಂಥ ಚಿತ್ರದಲ್ಲಿ ಬಣ್ಣವು ಎಲ್ಲಿಂದ ಬರುತ್ತದೆ, ಅದನ್ನು ಯಾರು ಇಡುತ್ತಾರೆ, ಯಾವ ಬಣ್ಣವನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನು ನಾವು ಈ ಕಟ್ಟಡದ ದೆಸೆಯಿಂದ ನಲವತ್ತು ದಾಟಿದ ಮೇಲೆ ಕಲಿತೆವು. ಕಲಿತದ್ದನ್ನು ನಾಲ್ವರಿಗೆ ಹೇಳದೆ ಇರಲಾರದಿರುವುದು ಉಪಾಧ್ಯಾಯಿನಿಯರ ಹಳೆಯ ಚಾಳಿ, ಓದುಗರು ಸೈರಿಸಿಕೊಳ್ಳಬೇಕು. ಮನೆ ಕಟ್ಟಿಸುವ ಯೋಚನೆಯುಳ್ಳ ಪೋಷಕರಿಗೆ ಇದರಿಂದ ಸ್ವಲ್ಪ ಪ್ರಯೋಜನವಾದರೂ ಆದೀತು.

ಆ ಚಿತ್ರವು ಕುಂಚದಿಂದ ಬರೆದದ್ದಲ್ಲ. ಛಾಯಾಚಿತ್ರ ತೆಗೆಯೋಣವೆಂದರೆ ಆಗ ಕಟ್ಟಡವೇ ಇರಲಿಲ್ಲ. ನಮ್ಮಲ್ಲಿಯೇ ಓದಿ ಈಗ ವಾಸ್ತುಶಿಲ್ಪದ ಕೆಲಸದಲ್ಲಿರುವ ತರುಣಿಯೊಬ್ಬಳು ಸಂಭಾವನೆಯನ್ನು ಬಯಸದೆ ಈ ಕಟ್ಟಡದ ನಕ್ಷೆಗಳನ್ನು ಮಾಡಿಕೊಟ್ಟಳು. ಆಕೆ ಉಪಯೋಗಿಸಿದ ತಂತ್ರಾಂಶದ ಹೆಸರು ರೆವಿಟ್. ಅದು 2000ನೆಯ ಇಸವಿಯಲ್ಲಿ ಹೊರಬಂದಿತು. 2002ರಲ್ಲಿ ಅಮೆರಿಕದ ಆಟೊಡೆಸ್ಕ್ ಸಂಸ್ಥೆಯವರು ಅದನ್ನು ಕೊಂಡುಕೊಂಡರು. ಈ ತಂತ್ರಾಂಶದ ವಿಶೇಷವೇನೆಂದರೆ, ಇದರಲ್ಲಿ ಗೆರೆಗಳನ್ನು ಎಳೆಯುವುದಿಲ್ಲ, ಕಟ್ಟಡವನ್ನೇ ಕಟ್ಟುತ್ತಾರೆ. ಗೋಡೆಯೆಂದರೆ ಎರಡು ಗೆರೆಗಳಲ್ಲ. ಇಷ್ಟು ದಪ್ಪದ ಕಲ್ಲು, ಅದರ ಎರಡೂ ಮಗ್ಗುಲಿಗೆ ಇಷ್ಟಿಷ್ಟು ಗಾರೆ ಎಂದು ಪದರಪದರವಾಗಿ ಹೇಳಿದ ವಸ್ತು. ಹೀಗೆ ಒಮ್ಮೆ ಕಟ್ಟಿದ ಮೇಲೆ ಅದನ್ನು ಅಡ್ಡಕ್ಕೆ ಕೊಯ್ದರೆ ತಳನಕ್ಷೆ, ಉದ್ದಕ್ಕೆ ಕೊಯ್ದರೆ ಛೇದಚಿತ್ರ, ದೂರ ನಿಂತು ನೋಡಿದರೆ ಮುಖಚಿತ್ರ. ಬಾಗಿಲುಗಳೆಷ್ಟು, ಹಂಚು ಎಷ್ಟು ಚದರ ಅಡಿ ಎಂದು ಕೇಳಿದರೂ ಅದು ಲೆಕ್ಕ ಹೇಳುತ್ತದೆ.

ಗೋಡೆಯ ಪ್ರತಿಯೊಂದು ಪದರಕ್ಕೂ ಒಂದೊಂದು ‘ಮೆಟೀರಿಯಲ್’ ಎಂದರೆ ದ್ರವ್ಯವನ್ನು ನೇಮಿಸಬೇಕು. ಈ ದ್ರವ್ಯವನ್ನು ನಾವು ಒಂದು ಬಣ್ಣವೆಂದೇ ತಿಳಿದಿದ್ದೆವು. ಅದು ಬಣ್ಣವಲ್ಲ, ಒಂದು ಚಿಕ್ಕ ಕಪಾಟು. ‘ಮುರಕಲ್ಲು’ ಎಂಬ ಹೆಸರನ್ನು ಮೇಲೆ ಅಂಟಿಸಿದ ಈ ಕಪಾಟಿನಲ್ಲಿ ಹಲವು ಖಾನೆಗಳಿವೆ. ಒಂದರಲ್ಲಿ ಹೆಸರು, ವಿವರಣೆ, ತಯಾರಿಸಿದವರು ಮುಂತಾದ ಗುರುತು. ಬೇರೆ ಎರಡರಲ್ಲಿ ಅದರ ಭಾರ, ಬಲ, ಶಾಖವನ್ನು ಹಾಯಗೊಡುವ ಪ್ರಮಾಣ ಮೊದಲಾದ ಗುಣಗಳು. ಅವುಗಳನ್ನು ಇಲ್ಲಿ ಬಿಟ್ಟುಬಿಡೋಣ. ಬಣ್ಣಕ್ಕೆ ಸಂಬಂಧಪಟ್ಟ ಖಾನೆಗಳು ಎರಡು. ಮೊದಲನೆಯದು ‘ಗ್ರಾಫಿಕ್ಸ್’, ಅಂದರೆ ನಕ್ಷೆಯಲ್ಲಿ ಆ ದ್ರವ್ಯವನ್ನು ಗುರುತಿಸುವ ಬಗೆ. ಎರಡನೆಯದು ‘ಅಪಿಯರೆನ್ಸ್’, ಅಂದರೆ ಕಣ್ಣಿಗೆ ಅದು ತೋರುವ ಬಗೆ. ಇವೆರಡರಲ್ಲಿಯೂ ಬಣ್ಣವುಂಟು, ಆದರೆ ಒಂದರ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಸಂಬಂಧವಿರಬೇಕೆಂಬ ನಿಯಮವಿಲ್ಲ. ಗ್ರಾಫಿಕ್ಸ್ ಖಾನೆಯಲ್ಲಿ ಮುರಕಲ್ಲಿಗೆ ಹಸುರು ಬಣ್ಣವನ್ನೂ ಅಪಿಯರೆನ್ಸ್ ಖಾನೆಯಲ್ಲಿ ಕೆಂಪನ್ನೂ ಇಟ್ಟರೆ ತಂತ್ರಾಂಶವು ಆಕ್ಷೇಪಿಸುವುದಿಲ್ಲ. ಎರಡೂ ಒಂದೇ ಆಗಿರಲಿ ಎಂದು ಬಯಸುವವರು ಗ್ರಾಫಿಕ್ಸ್ ಖಾನೆಯಲ್ಲಿ, ತೋರಿಕೆಯ ಬಣ್ಣವನ್ನೇ ಇಲ್ಲಿಯೂ ಉಪಯೋಗಿಸು ಎಂಬುದಕ್ಕೆ ಒಂದು ಗುರುತು ಹಾಕಬೇಕು. ಹಾಕದಿದ್ದರೆ ಇಲ್ಲ.

ಈ ಭೇದವು ನಮಗೆ ತಿಳಿದದ್ದು ಕಟ್ಟಡ ಸಮಿತಿಯ ಮೊದಲನೆಯ ಸಭೆಯಲ್ಲಿ. ಆಕೆಯು ಗೋಡೆಯ ಮೇಲೆ ಬೆಳಕಿನಿಂದ ನಕ್ಷೆಯನ್ನು ತೋರಿಸಿದಾಗ ಕಟ್ಟಡವೆಲ್ಲ ಬೂದಿಬಣ್ಣವಾಗಿತ್ತು. ಅದರಲ್ಲಿಯೂ ಒಂದು ಮಗ್ಗುಲು ತೆಳುವಾದ ಬೂದಿ, ಇನ್ನೊಂದು ಕಡುಬೂದಿ. ಇದೇನು ಸೆರೆಮನೆಯೇ ಎಂದು ಪೋಷಕರೊಬ್ಬರು ಕೇಳಿದರು. ಮೂರು ಗೋಡೆಗೆ ಮೂರು ಬಣ್ಣದ ಖರ್ಚೇಕೆ ಎಂದು ಖಜಾಂಚಿಯವರು ಕೇಳಿದರು. ಆಕೆ ನಗದೆ ವಿವರಿಸಿದಳು. ಈ ತಂತ್ರಾಂಶದಲ್ಲಿ ನೋಡುವ ಶೈಲಿಗಳು ಹಲವು. ‘ಹಿಡನ್ ಲೈನ್’ ಎಂಬ ಶೈಲಿಯಲ್ಲಿ ಗೆರೆಗಳೂ ಗುರುತಿನ ವಿನ್ಯಾಸಗಳೂ ಮಾತ್ರ ಕಾಣುತ್ತವೆ. ‘ಶೇಡೆಡ್’ ಶೈಲಿಯಲ್ಲಿ ಗ್ರಾಫಿಕ್ಸ್ ಖಾನೆಯ ಬಣ್ಣವು ಕಾಣುತ್ತದೆ; ಬೆಳಕಿಗೆ ಮುಖವಿಟ್ಟ ಗೋಡೆಯು ತೆಳುವಾಗಿಯೂ ಬೆನ್ನು ಕೊಟ್ಟದ್ದು ಕಡುವಾಗಿಯೂ ತೋರುತ್ತದೆ. ‘ಕನ್ಸಿಸ್ಟೆಂಟ್ ಕಲರ್ಸ್’ ಎಂಬುದರಲ್ಲಿ ಅದೇ ಬಣ್ಣವು ಬೆಳಕಿನ ಭೇದವಿಲ್ಲದೆ ಎಲ್ಲ ಮಗ್ಗುಲಿಗೂ ಸಮನಾಗಿ ಹರಡುತ್ತದೆ. ‘ರಿಯಲಿಸ್ಟಿಕ್’ ಶೈಲಿಗೆ ಹೋದಾಗ ಅಪಿಯರೆನ್ಸ್ ಖಾನೆಯು ತೆರೆಯುತ್ತದೆ. ಆ ದಿನ ನಾವು ನೋಡಿದ್ದು ಶೇಡೆಡ್ ಶೈಲಿ. ಬಣ್ಣವನ್ನು ಯಾರೂ ಇನ್ನೂ ಆರಿಸಿರಲಿಲ್ಲವಾದುದರಿಂದ ತಂತ್ರಾಂಶವು ತಾನಾಗಿ ಇಟ್ಟುಕೊಂಡ ಬೂದಿಯೇ ಕಾಣುತ್ತಿತ್ತು.

ತೋರುವ ಬಣ್ಣವೇ ಇರುವಾಗ ಗುರುತಿನ ಬಣ್ಣವೇಕೆ ಎಂದು ಕೇಳಬಹುದು. ನಾವೂ ಕೇಳಿದೆವು. ಆದರೆ ನಾವೇ ಭೂಗೋಳದ ಪಾಠದಲ್ಲಿ ದಿನವೂ ಇದನ್ನು ಮಾಡುತ್ತಿಲ್ಲವೇ? ಭೂಪಟದಲ್ಲಿ ಬೆಟ್ಟಗಳಿಗೆ ಕಂದುಬಣ್ಣ ಬಳಿಯುತ್ತೇವೆ. ಪಶ್ಚಿಮಘಟ್ಟಗಳನ್ನು ಕಂಡವರಾರೂ ಅವು ಕಂದು ಎಂದು ಹೇಳಲಾರರು. ಗುರುತಿನ ಬಣ್ಣವು ಇದು ಇಂಥದು ಎಂದು ಹೇಳುತ್ತದೆ. ಇದು ಹೀಗೆ ಕಾಣುತ್ತದೆ ಎಂದು ಹೇಳುವುದಿಲ್ಲ. ಹಾಗೆಯೇ ಗ್ರಾಫಿಕ್ಸ್ ಖಾನೆಯಲ್ಲಿ ಎರಡು ಬಗೆಯ ಗೆರೆವಿನ್ಯಾಸಗಳೂ ಉಂಟು. ಕೊಯ್ದ ಗೋಡೆಯ ಒಳಗನ್ನು ತುಂಬುವುದು ಒಂದು, ಗೋಡೆಯ ಮೇಲ್ಮೈಯನ್ನು ತುಂಬುವುದು ಇನ್ನೊಂದು. ಮೇಲ್ಮೈಯ ವಿನ್ಯಾಸವು ಕಟ್ಟಡದ ಅಳತೆಯನ್ನು ಅನುಸರಿಸುವಂತೆ ಮಾಡಿದರೆ ನೆಲದ ಟೈಲುಗಳ ಸಂದುಗಳು ಇರಬೇಕಾದಲ್ಲಿಯೇ ಬೀಳುತ್ತವೆ. ಕಾಗದದ ಅಳತೆಯನ್ನು ಅನುಸರಿಸಿದರೆ ಅವು ಬರಿಯ ಸಂಕೇತವಾಗುತ್ತವೆ. ಮೇಸ್ತ್ರಿಗೆ ಬೇಕಾದದ್ದು ಇವೇ ಹೊರತು ಕೆಂಪು ಕಲ್ಲಿನ ಸೊಬಗಲ್ಲ.

ಗುರುತಿನ ಬಣ್ಣಗಳಲ್ಲಿ ಕೆಲವನ್ನು ನಮ್ಮ ಇಷ್ಟದಂತೆ ಇಡುವುದಕ್ಕೂ ಆಗದು. 1970ರಲ್ಲಿ ಮೊದಲು ಪ್ರಕಟವಾದ ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಸ್ಥಳೀಯ ಅಧಿಕಾರಿಗಳಿಗೆ ಒಪ್ಪಿಸುವ ನಕ್ಷೆಗಳಿಗೆ ಬಣ್ಣಗಳನ್ನು ಸೂಚಿಸಿದೆ: ಹೊಸದಾಗಿ ಕಟ್ಟತಕ್ಕದ್ದಕ್ಕೆ ಕೆಂಪು, ಕೆಡವತಕ್ಕದ್ದಕ್ಕೆ ಹಳದಿಯ ಓರೆಗೆರೆಗಳು. ರೆವಿಟ್ ತಂತ್ರಾಂಶದಲ್ಲಿ ಈ ಗುರುತುಗಳನ್ನು ದ್ರವ್ಯದ ಕಪಾಟಿನಲ್ಲಿ ಇಡುವುದಿಲ್ಲ. ಯಾವುದು ಹಿಂದಿನಿಂದ ಇದ್ದದ್ದು, ಯಾವುದು ಕೆಡವುವಂಥದು, ಯಾವುದು ಹೊಸದು ಎಂದು ಕಟ್ಟಡದ ಭಾಗಗಳಿಗೆ ಕಾಲಘಟ್ಟವನ್ನು ನಿಶ್ಚಯಿಸಿದರೆ, ನಕ್ಷೆಯು ದ್ರವ್ಯದ ಬಣ್ಣವನ್ನು ಮರೆಮಾಡಿ ಅದರ ಮೇಲೆ ಕಾಲದ ಬಣ್ಣವನ್ನು ಹೊದಿಸುತ್ತದೆ. ಒಳಗೆ ಮುರಕಲ್ಲು ಮುರಕಲ್ಲಾಗಿಯೇ ಇರುತ್ತದೆ, ಕಾಣುವುದು ಹಳದಿ.

ಈ ಹಳದಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ವಿಜ್ಞಾಪನಾಪತ್ರವು ಹೊರಟುಹೋದ ಕೆಲವು ವಾರಗಳ ಮೇಲೆ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಅಧಿಕಾರಿಗಳಿಗೆ ಒಪ್ಪಿಸಿದ ನಕ್ಷೆಯ ಪ್ರತಿಯನ್ನು ಸಭಾಂಗಣದ ಮೇಜಿನ ಮೇಲೆ ಹರಡಿದ್ದೆವು. ಬಹಳ ವರ್ಷಗಳ ಹಿಂದೆ ಇಲ್ಲಿಯ ವಸತಿಗೃಹದಲ್ಲಿದ್ದು ಓದಿದ ವೃದ್ಧ ಮಹಿಳೆಯೊಬ್ಬರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, “ಟೀಚರ್, ಅಡಿಗೆಮನೆಗೆ ಹಳದಿ ಬಣ್ಣ ಇಟ್ಟದ್ದು ಬಹಳ ಒಳ್ಳೆಯದಾಯಿತು. ನಮ್ಮ ಕಾಲದಲ್ಲಿ ಅದು ಹೊಗೆ ಹಿಡಿದು ಕತ್ತಲೆಯಾಗಿತ್ತು” ಎಂದರು. ಹಿತ್ತಿಲಲ್ಲಿದ್ದ ಆ ಹಳೆಯ ಅಡಿಗೆಮನೆಯ ಮಾಡು ಕುಸಿದು ಬಹಳ ಕಾಲವಾಗಿತ್ತು. ಹೊಸ ಕಟ್ಟಡವು ಬರತಕ್ಕ ಸ್ಥಳವೂ ಅದೇ. ಅವರಿಗೆ ನಿಜವನ್ನು ತಿಳಿಸುವುದು ನಮ್ಮ ಪಾಲಿಗೆ ಬಂದಿತು. “ಅಮ್ಮಾ, ನಕ್ಷೆಯಲ್ಲಿ ಆ ಬಣ್ಣದ ಅರ್ಥ ಬೇರೆ” ಎಂದು ಹೇಳಿದೆವು. ಅವರು ಆ ಚೌಕದ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ತರುವಾಯ, “ಹಾಗಾದರೆ ಕಲ್ಲುಗಳನ್ನು ಏನು ಮಾಡುತ್ತೀರಿ?” ಎಂದು ಕೇಳಿದರು. ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಗುತ್ತಿಗೆದಾರನು ಅವುಗಳನ್ನು ತಗ್ಗು ತುಂಬುವುದಕ್ಕೆ ಒಯ್ಯುವವನಾಗಿದ್ದನು.

ಸುಣ್ಣದ ಗಾರೆಯಲ್ಲಿ ಕೂಡಿಸಿದ್ದ ಆ ಕಲ್ಲುಗಳು ಹೆಚ್ಚು ಒಡೆಯದೆ ಬಿಡಿಬಿಡಿಯಾಗಿ ಬಂದವು. ಕಟ್ಟಡ ಸಮಿತಿಯವರು ಅವುಗಳನ್ನು ಹೊಸ ಕಟ್ಟಡದ ಪಂಚಾಂಗದ ಕೆಳಗಿನ ಸಾಲುಗಳಲ್ಲಿ ಇಡಿಸಲು ಒಪ್ಪಿದರು. ಕಪ್ಪು ಸಾಲುಗಳ ಪ್ರಶ್ನೆಗೆ ಇದೇ ಉತ್ತರ. ಹಣವು ಸಾಲದೆ ಹೋದದ್ದಲ್ಲ. ಅವು ಮಳೆಯಲ್ಲಿ ನೆನೆದು ಪಾಚಿ ಹಿಡಿದು ಬಣ್ಣ ತಿರುಗಿದ ಕಲ್ಲುಗಳು. ಅವುಗಳ ಮೇಲಣ ಸಾಲುಗಳು ಈಗಷ್ಟೇ ಕೋರೆಯಿಂದ ಬಂದವು.

ಮುರಕಲ್ಲಿನ ಸ್ವಭಾವವೇ ಹಾಗೆ. 1807ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯರು ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟರು. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಅವರು ಅದನ್ನು ವರ್ಣಿಸಿದ್ದು ಮಲಬಾರಿನ ಅಂಗಡಿಪುರದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಲಾಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೃದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದೇ ಅದರ ವಿಶೇಷ. ಕೆಂಪು ಬಣ್ಣವು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನದು. ಹೊಸ ಕಲ್ಲಿನಲ್ಲಿ ಕೆಂಪು, ಹಳದಿ, ಬಿಳಿಯ ಚುಕ್ಕೆಗಳು ಬೆರೆತಿರುತ್ತವೆ; ನಮ್ಮ ಕರಾವಳಿಯ ಮಳೆಯಲ್ಲಿ ಕೆಲವು ವರ್ಷ ನಿಂತರೆ ಕಪ್ಪಾಗುತ್ತದೆ. ಕಂಪ್ಯೂಟರಿನ ಕಪಾಟಿನಲ್ಲಿ ಹೊಳಪಿಗೆ ಸ್ಥಳವುಂಟು, ಒರಟುತನಕ್ಕೆ ಉಂಟು, ಪಾರದರ್ಶಕತೆಗೆ ಉಂಟು. ವಯಸ್ಸಿಗೆ ಮಾತ್ರ ಒಂದು ಖಾನೆಯನ್ನು ನಾವು ಕಾಣಲಿಲ್ಲ. ಚಿತ್ರದ ಕಲ್ಲು ಎಂದೆಂದಿಗೂ ಹೊಸದು.

ಹಳೆಯ ಕಲ್ಲನ್ನು ಕಂಪ್ಯೂಟರಿನಲ್ಲಿಯೂ ತೋರಿಸಬೇಕೆಂದು ನಮ್ಮ ಶಿಲ್ಪಿಯು ಹೊರಟಾಗ ಒಂದು ಮೋಜು ನಡೆಯಿತು. ಆಕೆ ‘ಮುರಕಲ್ಲು’ ಎಂಬ ದ್ರವ್ಯಕ್ಕೆ ಒಂದು ನಕಲು ಮಾಡಿ, ಅದಕ್ಕೆ ಬೇರೆ ಹೆಸರಿಟ್ಟು, ಅದರ ತೋರಿಕೆಯನ್ನು ಕಪ್ಪಾಗಿಸಿದಳು. ಆ ಕ್ಷಣವೇ ಇಡೀ ಪಂಚಾಂಗವೂ ಸುತ್ತಣ ಪಾಗಾರವೂ ಕಪ್ಪಾಗಿಹೋದವು! ಕಾರಣವೇನೆಂದರೆ, ದ್ರವ್ಯವನ್ನು ನಕಲು ಮಾಡುವ ಕ್ರಮಗಳು ಎರಡು. ಒಂದರಲ್ಲಿ ಕಪಾಟು ಹೊಸದಾದರೂ ಒಳಗಿನ ತೋರಿಕೆಯ ಸಾಮಗ್ರಿಯು ಹಳೆಯದೇ. ಎರಡು ಕಪಾಟುಗಳೂ ಒಂದೇ ಡಬ್ಬಿಯನ್ನು ಹಂಚಿಕೊಂಡಿರುತ್ತವೆ. ಇನ್ನೊಂದರಲ್ಲಿ ಡಬ್ಬಿಯೂ ಬೇರೆಯಾಗುತ್ತದೆ. ಡಬ್ಬಿಯು ಹಂಚಿಕೆಯಾಗಿದೆಯೇ ಎಂದು ತಿಳಿಯಲು ಆ ಖಾನೆಯಲ್ಲಿ ಕೈಯ ಆಕಾರದ ಒಂದು ಸಣ್ಣ ಗುರುತೂ ಅದರ ಬಳಿ ಒಂದು ಅಂಕೆಯೂ ಇವೆ. ಎಷ್ಟು ದ್ರವ್ಯಗಳು ಅದನ್ನು ಉಪಯೋಗಿಸುತ್ತಿವೆ ಎಂದು ಆ ಅಂಕೆಯು ಹೇಳುತ್ತದೆ. ಅಂಕೆಯನ್ನು ನೋಡದೆ ಬಣ್ಣವನ್ನು ಮುಟ್ಟಬಾರದು. ಈ ಕೆಲಸವನ್ನು ಕಲಿಯುತ್ತಿರುವ ನಮ್ಮ ಕೆಲವು ಹಳೆಯ ವಿದ್ಯಾರ್ಥಿನಿಯರಿಗೆ ಇದು ಉಪಯೋಗಕ್ಕೆ ಬರಬಹುದೆಂದು ವಿಸ್ತಾರವಾಗಿ ಬರೆದೆವು.

ಇನ್ನು ಅಪಿಯರೆನ್ಸ್ ಖಾನೆಯೊಳಗೆ ಏನಿದೆ ಎಂಬುದು. ಸಾಧಾರಣವಾಗಿ ಅದರಲ್ಲಿರುವುದು ದ್ರವ್ಯದ ಒಂದು ಛಾಯಾಚಿತ್ರ. ನಾವು ಪುಸ್ತಕಗಳಿಗೆ ರಟ್ಟಿನ ಮೇಲೆ ಹೂವಿನ ಕಾಗದವನ್ನು ಅಂಟಿಸುವಂತೆ ತಂತ್ರಾಂಶವು ಆ ಚಿತ್ರವನ್ನು ಗೋಡೆಯ ಮೇಲೆ ಮತ್ತೆ ಮತ್ತೆ ಜೋಡಿಸುತ್ತಾ ಹೋಗುತ್ತದೆ. ಆ ಚಿತ್ರದ ಅಗಲವು ವಾಸ್ತವದಲ್ಲಿ ಎಷ್ಟು ಅಡಿ ಎಂದು ನಾವು ಹೇಳಬೇಕು. ಹೇಳದಿದ್ದರೆ ಅದು ತನಗೆ ತೋಚಿದ ಅಳತೆಯನ್ನು ಹಿಡಿಯುತ್ತದೆ. ನಮ್ಮ ಮೊದಲನೆಯ ಚಿತ್ರದಲ್ಲಿ ಒಂದು ಅಡಿಗಿಂತ ಉದ್ದವಾಗಿರಬೇಕಾದ ಮುರಕಲ್ಲುಗಳು ಬೆಂಕಿಪೆಟ್ಟಿಗೆಯಷ್ಟಾಗಿ, ಪಂಚಾಂಗವು ಎರಡಾಳೆತ್ತರದಂತೆ ಕಾಣುತ್ತಿತ್ತು. ಛಾಯಾಚಿತ್ರದ ಜತೆಗೆ ಉಬ್ಬುತಗ್ಗುಗಳನ್ನು ಸೂಚಿಸುವ ಕಪ್ಪುಬಿಳುಪಿನ ಚಿತ್ರವನ್ನೂ ಕೊಡಬಹುದು. ಆಗ ಬೆಳಕು ಕಲ್ಲಿನ ಮೇಲೆ ಒರಟಾಗಿ ಬಿದ್ದಂತೆ ತೋರುತ್ತದೆ. ಹೊಳಪಿಗೆ ಬೇರೆ ಅಳತೆ. ಅದನ್ನು ಹೆಚ್ಚಿಸಿದ್ದರಿಂದ ಮೊದಲ ದಿನ ನಮ್ಮ ಹಂಚಿನ ಮಾಡು ಪಿಂಗಾಣಿಯ ತಟ್ಟೆಯಂತೆ ಮಿನುಗಿತು. 19ನೆಯ ಶತಮಾನದ 60ರ ದಶಕದಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದಂದಿನಿಂದ ಈ ಸೀಮೆಯ ಮನೆಮನೆಯ ಮೇಲೂ ಕುಳಿತಿರುವ ಹಂಚು ಅದು. ಅದು ಎಷ್ಟು ಮಾತ್ರ ಹೊಳೆಯುತ್ತದೆಂದು ಮಕ್ಕಳಿಗೂ ಗೊತ್ತು. ಇವೆರಡೂ ಎಲ್ಲರ ಕಣ್ಣಿಗೆ ಬಿದ್ದು ಕೂಡಲೇ ತಿದ್ದಿದವು.

ಯಾರ ಕಣ್ಣಿಗೂ ಬೀಳದೆ ಅಚ್ಚಿಗೆ ಹೋದ ತಪ್ಪು ಸೂರ್ಯನದು. ಬಣ್ಣವು ತೋರುವುದು ಬೆಳಕಿನಿಂದ. ಕಂಪ್ಯೂಟರಿನಲ್ಲಿ ಬೆಳಕು ಬರುವುದು ಊರು, ತಿಂಗಳು, ಗಂಟೆ ಇವುಗಳಿಂದ. ಊರನ್ನು ನಾವು ಹೇಳದಿದ್ದರೆ ಈ ತಂತ್ರಾಂಶವು ಅಮೆರಿಕದ ಬಾಸ್ಟನ್ ನಗರವನ್ನು ಇಟ್ಟುಕೊಂಡಿರುತ್ತದೆ. ನಮ್ಮ ಕಡತದಲ್ಲಿಯೂ ಅದು ಹಾಗೆಯೇ ಉಳಿದಿತ್ತು. ವಿಜ್ಞಾಪನಾಪತ್ರವು ಅಂಚೆಗೆ ಬಿದ್ದ ಮೇಲೆ ನಮ್ಮ ಭೂಗೋಳದ ಉಪಾಧ್ಯಾಯಿನಿಯು ಚಿತ್ರವನ್ನು ದಿಟ್ಟಿಸಿ, ಈ ನೆರಳು ನಮ್ಮ ಊರಿನದಲ್ಲ ಎಂದರು. ಲೆಕ್ಕ ಹಾಕಿ ನೋಡಿ: ಡಿಸೆಂಬರ್ 22ರ ನಡುಹಗಲಲ್ಲಿ ಬಾಸ್ಟನ್ನಿನ ಸೂರ್ಯನು ಕ್ಷಿತಿಜದಿಂದ ಸುಮಾರು 24 ಡಿಗ್ರಿ ಮಾತ್ರ ಏರಿರುತ್ತಾನೆ, 13 ಡಿಗ್ರಿ ಅಕ್ಷಾಂಶದ ಹತ್ತಿರವಿರುವ ನಮ್ಮಲ್ಲಿ ಅದೇ ದಿನ ಸುಮಾರು 54 ಡಿಗ್ರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗಂತೂ ನಮ್ಮ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ನಮ್ಮ ಕಟ್ಟಡವು ದಕ್ಷಿಣಕ್ಕೆ ಮುಖಮಾಡಿದೆ. ಮಾಡಿನ ಸೂರು ಬಹಳ ಮುಂದೆ ಚಾಚಿದೆ. ಚಿತ್ರದಲ್ಲಿ ಬಾಸ್ಟನ್ನಿನ ಓರೆಬಿಸಿಲು ಜಗಲಿಯ ಒಳಕ್ಕೆ ನುಗ್ಗಿ ಕೆನೆಬಣ್ಣದ ಗೋಡೆಯನ್ನು ಬೆಳಗಿಸಿತ್ತು. ಇಲ್ಲಿ ನಡುಹಗಲಲ್ಲಿ ಆ ಗೋಡೆಯು ಬಹುಕಾಲ ಸೂರಿನ ನೆರಳಿನಲ್ಲಿರುತ್ತದೆ. ಗೋಡೆಯು ಮಾಸಿದಂತೆ ತೋರಲು ಒಂದು ಕಾರಣ ಇದು. ಆ ನೆರಳಿಗಾಗಿಯೇ ಸೂರನ್ನು ಚಾಚಿದ್ದು. ಒಳಗೆ ಹುಡುಗಿಯರು ಮಾರ್ಚಿಯಲ್ಲಿ ಪರೀಕ್ಷೆ ಬರೆಯಬೇಕಾಗಿದೆ.

ಎರಡನೆಯ ಕಾರಣವು ನಮ್ಮ ಸ್ವಂತ ತಪ್ಪು, ಅದನ್ನು ಮುಚ್ಚಿಡಲಾರೆವು. ಒಂದು ಸಾಯಂಕಾಲ ಆಫೀಸಿನಲ್ಲಿ ಕುಳಿತು, ಟ್ಯೂಬ್‌ಲೈಟಿನ ಕೆಳಗೆ, ಕಂಪ್ಯೂಟರಿನ ತೆರೆಯ ಮೇಲೆ ಕಂಡ ಕೆನೆಬಣ್ಣವೇ ಇರಲಿ ಎಂದು ನಾವು ಅಪ್ಪಣೆ ಕೊಟ್ಟೆವು. ಶಿಲ್ಪಿಯು ಆಗ ಊರಲ್ಲಿರಲಿಲ್ಲ. ತೆರೆಯ ಮೇಲಿನ ಬಣ್ಣವೆಂದರೆ ಮೂರು ಸಂಖ್ಯೆಗಳು: ಕೆಂಪು ಇಷ್ಟು, ಹಸುರು ಇಷ್ಟು, ನೀಲಿ ಇಷ್ಟು. ಒಂದೊಂದೂ 0ಯಿಂದ 255ರ ವರೆಗೆ. ಹೀಗೆ ಒಟ್ಟು 1,67,77,216 ಬಣ್ಣಗಳನ್ನು ಹೇಳಬಹುದು. ಸಂಖ್ಯೆಯು ಒಂದೇ ಆದರೂ ತೆರೆಗಳು ಒಂದೇ ಅಲ್ಲ. ಎಲ್ಲ ತೆರೆಗಳೂ ಸಂಖ್ಯೆಗಳನ್ನು ಒಂದೇ ರೀತಿ ಓದಬೇಕೆಂದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳವರು ‘ಎಸ್‌ಆರ್‌ಜಿಬಿ’ ಎಂಬ ಒಂದು ಮಾನವನ್ನು ಸೂಚಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೂ ನಮ್ಮ ಕಂಪ್ಯೂಟರಿನಲ್ಲಿ ಬೆಣ್ಣೆಯಂತಿದ್ದ ಗೋಡೆಯು ಖಜಾಂಚಿಯವರ ಮೊಬೈಲಿನಲ್ಲಿ ಲಿಂಬೆಹಣ್ಣಿನಂತಿತ್ತು. ಅಚ್ಚುಕೂಟದಲ್ಲಿಯಾದರೋ ಅದೇ ಚಿತ್ರವು ನಾಲ್ಕು ಮಸಿಗಳಿಗೆ ತಿರುಗಿ ಬೇರೊಂದು ರೂಪವನ್ನೇ ತಾಳಿತು. ಮುಖ್ಯವಾದ ಭೇದವೇನೆಂದರೆ, ತೆರೆಯು ತಾನೇ ಬೆಳಕನ್ನು ಬೀರುತ್ತದೆ. ಗೋಡೆಯು ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿ ಉಳಿದದ್ದನ್ನು ಮಾತ್ರ ಹಿಂದಿರುಗಿಸುತ್ತದೆ.

ಅಂಗಡಿಯವರು ನಮ್ಮ ಚಿತ್ರವನ್ನು ನೋಡಿ ಹತ್ತಿರದ ಬಣ್ಣವೊಂದನ್ನು ಕಲಸಿಕೊಟ್ಟರು. ಪೈಂಟರನು ಪಶ್ಚಿಮದ ಗೋಡೆಗೆ ಎರಡು ಕೈ ಬಳಿದನು. ಮಧ್ಯಾಹ್ನ 3 ಗಂಟೆಯ ಬಿಸಿಲು ಅದರ ಮೇಲೆ ಬಿದ್ದಾಗ ಗೋಡೆಯು ಕೋಳಿಮೊಟ್ಟೆಯ ಒಳಗಿನ ಹಳದಿಯಂತೆ ಉರಿಯುತ್ತಿತ್ತು. ಅಂಗೈಯಗಲದ ಕಾರ್ಡಿನಲ್ಲಿ ಸೌಮ್ಯವಾಗಿರುವ ಬಣ್ಣವು ಗೋಡೆಯಗಲಕ್ಕೆ ಹರಡಿದಾಗ ಉಗ್ರವಾಗುತ್ತದೆ ಎಂಬುದು ಪೈಂಟರನಿಗೆ ಮೊದಲೇ ಗೊತ್ತಿತ್ತು. ಹೇಳಬಾರದಿತ್ತೇ ಎಂದರೆ, “ನೀವು ದೊಡ್ಡ ಟೀಚರ್, ನಾನು ಹೇಗೆ ಹೇಳಲಿ?” ಎಂದನು. ಕಲಸಿದ ಬಣ್ಣವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. 20 ಲೀಟರಿನ ಎರಡು ಡಬ್ಬಿಗಳು ವ್ಯರ್ಥವಾದವು. ಅವುಗಳ ಬೆಲೆಯನ್ನು ಕಟ್ಟಡ ನಿಧಿಯಿಂದ ತೆಗೆಯದೆ ನಾವೇ ಕೊಟ್ಟಿದ್ದೇವೆ. ಲೆಕ್ಕಪತ್ರದಲ್ಲಿ ಅದು ಕಾಣದಿರುವುದಕ್ಕೆ ಕಾರಣವೂ ಇದೇ.

ಆ ಬಳಿಕ ಮಾಡಬೇಕಾದುದನ್ನು ಮಾಡಿದೆವು. ಬಾವಿಯ ಹಿಂದಣ ಪಾಗಾರಕ್ಕೆ ಗಾರೆ ಮಾಡಿಸಿ, ಮೂರಡಿ ಚೌಕದ ಆರು ಬಣ್ಣಗಳನ್ನು ಬಳಿಸಿ, ಬೆಳಿಗ್ಗೆ 9ಕ್ಕೂ ಮಧ್ಯಾಹ್ನ 12ಕ್ಕೂ 3ಕ್ಕೂ ನೋಡಿದೆವು. ಮೋಡ ಕವಿದ ದಿನವೂ ನೋಡಿದೆವು. ಬಣ್ಣದ ಕಂಪೆನಿಗಳ ಕಾರ್ಡುಗಳಲ್ಲಿ ಪ್ರತಿಯೊಂದು ಬಣ್ಣಕ್ಕೂ ಸಂಕೇತಸಂಖ್ಯೆ ಇರುತ್ತದೆ. ಕೆಲವುದರಲ್ಲಿ ಅದು ಬೆಳಕನ್ನು ನೂರಕ್ಕೆ ಎಷ್ಟು ಪಾಲು ಹಿಂದಿರುಗಿಸುತ್ತದೆ ಎಂಬುದನ್ನೂ ಅಚ್ಚುಹಾಕಿರುತ್ತಾರೆ. ಪೈಂಟರನ ಸಂಗಡ ಮಾತನಾಡುವುದು ಆ ಸಂಕೇತಸಂಖ್ಯೆಯಿಂದಲೇ ಹೊರತು ಚಿತ್ರದಿಂದಲ್ಲ. ಎಂಟನೆಯ, ಒಂಬತ್ತನೆಯ ತರಗತಿಗಳ ಹುಡುಗಿಯರಿಗೂ ಅಭಿಪ್ರಾಯ ಕೇಳಿದೆವು. ಅವರಲ್ಲಿ ಹೆಚ್ಚಿನವರು ಆರಿಸಿದ್ದು ನಾವು ಕೊನೆಗೆ ಬಳಿಸಿದ ಬೂದಿ ಬೆರೆತ ಕೆನೆಬಣ್ಣವನ್ನೇ. ಅದು ಚಿತ್ರದ ಕೆನೆಯಲ್ಲ ಎಂಬುದು ನಿಜ. ಚಿತ್ರದ ಕೆನೆಯನ್ನು ಇಲ್ಲಿಯ ಬಿಸಿಲಿನಲ್ಲಿ ಕಾಣಬೇಕೆಂದರೆ ಬೇರೆಯ ಬಣ್ಣವನ್ನು ಬಳಿಯಬೇಕಾಗುತ್ತದೆ ಎಂಬುದೂ ನಿಜ.

ಕಟ್ಟಡದ ರೂಪವು ಬದಲಾದಾಗ ತಿದ್ದಿದ ಚಿತ್ರವನ್ನು ದಾನಿಗಳಿಗೆಲ್ಲ ಕಳುಹಿಸಬೇಕಾಗಿತ್ತು. ಅದನ್ನು ಮಾಡದೆ ಇದ್ದುದಕ್ಕಾಗಿ ಕ್ಷಮೆಯನ್ನು ಬೇಡುತ್ತೇವೆ. ಊರನ್ನೂ ಕಲ್ಲನ್ನೂ ಬಣ್ಣವನ್ನೂ ಸರಿಪಡಿಸಿದ ಹೊಸ ಚಿತ್ರವು ಈ ಸ್ಮರಣಸಂಚಿಕೆಯ ಒಳರಟ್ಟಿನಲ್ಲಿದೆ. ಅದನ್ನು ಅಚ್ಚಿನ ಮಸಿಯ ಮಟ್ಟಿಗೆ ಮಾತ್ರ ನಂಬಬೇಕೆಂದು ಕೋರುತ್ತೇವೆ. ಅದರಲ್ಲಿ ಕೆಳಗಿನ ಸಾಲುಗಳಿಗೆ ಅಂಟಿಸಿರುವುದು ಅಂಗಡಿಯಿಂದ ತಂದ ಕಲ್ಲಿನ ಚಿತ್ರವಲ್ಲ. ಕೆಡವುವುದಕ್ಕೆ ಮುಂಚೆ ಒಂದು ಮೋಡದ ಬೆಳಿಗ್ಗೆ, ನೆರಳು ಬೀಳದ ಹೊತ್ತಿನಲ್ಲಿ, ನಮ್ಮ ಶಿಲ್ಪಿಯು ಹಳೆಯ ಗೋಡೆಗೆ ನೇರವಾಗಿ ನಿಂತು ತೆಗೆದ ಛಾಯಾಚಿತ್ರ. ಕಂಪ್ಯೂಟರಿನ ಕಡತದಲ್ಲಿ ಆ ದ್ರವ್ಯಕ್ಕೆ ಆಕೆ ಇಟ್ಟ ಹೆಸರು ‘ಅಡಿಗೆಮನೆಯ ಕಲ್ಲು’. ಕೈಯ ಗುರುತಿನ ಬಳಿಯ ಅಂಕೆಯನ್ನು ನಾವು ನೋಡಿದ್ದೇವೆ. ಆ ಡಬ್ಬಿಯನ್ನು ಈಗ ಬೇರೆ ಯಾವ ದ್ರವ್ಯವೂ ಹಂಚಿಕೊಂಡಿಲ್ಲ.